ಒಳಗೆ ಕೆಂಡ ಬೇಡ, ಬಾಗಿಲಲ್ಲಿ ಸಂದು ಬೇಡ

ಚಳಿ ಶುರುವಾದ ಮೇಲೆ ಬರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಮನೆ ಬೆಚ್ಚಗಿರಬೇಕು, ಬಿಲ್ ಏರಬಾರದು. ಆದರೆ ಈ ಸಲ ಬಂದ ಒಂದು ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಅದಕ್ಕೇ ಮೊದಲು ಉತ್ತರ ಬರೆಯುತ್ತಿದ್ದೇನೆ. ಬೇರೇನೂ ಓದಲು ಪುರುಸೊತ್ತು ಇಲ್ಲದಿದ್ದರೆ ಅದೊಂದನ್ನಾದರೂ ಓದಿ, ಮನೆಯವರಿಗೂ ಹೇಳಿ.

ಪ್ರಶ್ನೆ: ರಾತ್ರಿ ಒಂದು ಹಳೇ ಬಾಣಲೆಯಲ್ಲಿ ಇದ್ದಿಲ ಕೆಂಡ ಹಾಕಿ ಮಲಗುವ ಕೋಣೆಯಲ್ಲಿ ಇಡುತ್ತೇವೆ. ಹೊಗೆ ಪೂರ್ತಿ ಹೋದ ಮೇಲೆಯೇ ಒಳಗೆ ತರುವುದು. ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕಲ್ವಾ? ಬೆಳಿಗ್ಗೆ ಎದ್ದಾಗ ಎಲ್ಲರಿಗೂ ಚೂರು ತಲೆನೋವು ಇರುತ್ತದೆ, ಚಳಿಗೆ ಇರಬೇಕು.

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ. ಆ ತಲೆನೋವು ಚಳಿಯದ್ದು ಅಂತ ನನಗೆ ಅನ್ನಿಸುವುದಿಲ್ಲ. ಒಂದೇ ಕೋಣೆಯಲ್ಲಿ ಮಲಗಿದ ಎಲ್ಲರಿಗೂ ಒಟ್ಟಿಗೆ ತಲೆನೋವು ಬರುತ್ತದೆ, ಹೊರಗೆ ಹೋಗಿ ಸ್ವಲ್ಪ ಹೊತ್ತಾದರೆ ಕಡಿಮೆಯಾಗುತ್ತದೆ ಎಂದಾದರೆ ಮೊದಲು ಅನುಮಾನ ಪಡಬೇಕಾದದ್ದು ಕಾರ್ಬನ್ ಮೊನಾಕ್ಸೈಡ್ ಅನಿಲದ ಮೇಲೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ಹೊಗೆ ಹೋದ ಮೇಲೆ ಅಪಾಯವೂ ಹೋಯಿತು ಎಂದುಕೊಳ್ಳುತ್ತೇವಲ್ಲ, ತಪ್ಪಾಗುವುದೇ ಅಲ್ಲಿ. ಹೊಗೆಯಿಲ್ಲದೆ ಕೆಂಪಗೆ ಹೊಳೆಯುತ್ತಿರುವ ಕೆಂಡವೇ ಇದನ್ನು ಧಾರಾಳವಾಗಿ ಬಿಡುತ್ತದೆ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವ ಹಿಮೋಗ್ಲೋಬಿನ್ ಇದೆಯಲ್ಲ, ಅದನ್ನು ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಸುಸ್ತು. ಎಚ್ಚರವಿದ್ದವರಿಗಾದರೂ ಏನೋ ಸರಿಯಿಲ್ಲ ಎಂದು ಗೊತ್ತಾಗಬಹುದು. ನಿದ್ದೆಯಲ್ಲಿದ್ದವರಿಗೆ ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ, ಎಚ್ಚರವಾಗದೆಯೇ ಜೀವ ಹೋಗಿಬಿಡಬಹುದು.

ಕಿಟಕಿ ಸ್ವಲ್ಪ ತೆರೆದರೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ಈ ಅನಿಲ ಕೋಣೆಯ ಗಾಳಿಯೊಂದಿಗೆ ಬೆರೆತು ಎಲ್ಲ ಕಡೆ ಹರಡಿಕೊಳ್ಳುತ್ತದೆ. ಎರಡು ಬೆರಳು ತೆರೆದ ಕಿಟಕಿಯಿಂದ ಎಷ್ಟು ಹೊರಗೆ ಹೋಯಿತು, ಎಷ್ಟು ಒಳಗೆ ಉಳಿಯಿತು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಕಿಟಕಿ ಪೂರ್ತಿ ತೆರೆಯುವುದಾದರೆ ಕೆಂಡ ಇಟ್ಟು ಪ್ರಯೋಜನವೇನು? ಚಳಿ ಕಾಯಿಸಲೇಬೇಕು ಎಂದರೆ ಹೊರಗೆ, ಬಯಲಲ್ಲಿ ಕಾಯಿಸಿ.

ತಲೆಸುತ್ತು ಬಂದರೆ ಅಥವಾ ಮನೆಯವರು ಕರೆದರೂ ಸರಿಯಾಗಿ ಏಳದಿದ್ದರೆ ಮೊದಲ ಕೆಲಸ ಎಲ್ಲರನ್ನೂ ಹೊರಗಿನ ಗಾಳಿಗೆ ತರುವುದು. ತಕ್ಷಣ ಆಂಬುಲೆನ್ಸ್ ಕರೆಯಿರಿ, ಕೆಂಡ ಇಟ್ಟಿದ್ದ ವಿಷಯವನ್ನು ಡಾಕ್ಟರಿಗೆ ಮರೆಯದೆ ಹೇಳಿ. ಅವರಿಗೆ ಗೊತ್ತಾದರೆ ಸರಿಯಾದ ಪರೀಕ್ಷೆ ಮಾಡಿ ಆಮ್ಲಜನಕ ಕೊಡುತ್ತಾರೆ.

ಇದು ಕೆಂಡಕ್ಕೆ ಮಾತ್ರ ಅಲ್ಲ. ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರ್, ಕೋಣೆ ಬೆಚ್ಚಗಾಗಲಿ ಎಂದು ಸುಮ್ನೆ ಉರಿಸಿಟ್ಟ ಗ್ಯಾಸ್ ಒಲೆ, ಒಳಗೆ ಇಟ್ಟ ಜನರೇಟರ್, ಎಲ್ಲದರದ್ದೂ ಇದೇ ಕಥೆ. ಗ್ಯಾಸ್ ಉರಿ ನೀಲಿ ಇರಬೇಕು. ಹಳದಿಯಾಗಿ ಮಸಿ ಹಿಡಿಯುತ್ತಿದ್ದರೆ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ, ರಿಪೇರಿಯವರನ್ನು ಕರೆಸಿ. ಮನೆಯಲ್ಲಿ ಏನನ್ನಾದರೂ ಉರಿಸುವವರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಹಾಕಿಸಿಕೊಳ್ಳಿ. ಬರೀ ಹೊಗೆಯ ಅಲಾರಂ ಈ ಅನಿಲವನ್ನು ಹಿಡಿಯುವುದಿಲ್ಲ, ಅದು ಬೇರೆ, ಇದು ಬೇರೆ.

ಪ್ರಶ್ನೆ: ದಿನಾ ಗಂಟೆಗಟ್ಟಲೆ ಹೀಟರ್ ಹಾಕಿದರೂ ಹಾಲ್ ಬೆಚ್ಚಗಾಗುತ್ತಿಲ್ಲ. ದೊಡ್ಡದೊಂದು ತಗೊಳ್ಳಬೇಕಾ? ಎಣ್ಣೆ ತುಂಬಿದ ಹೀಟರ್ ಕಡಿಮೆ ಕರೆಂಟ್ ಎಳೆಯುತ್ತದಂತೆ, ನಿಜವಾ?

ಉತ್ತರ: ಸದ್ಯಕ್ಕೆ ಏನೂ ತಗೊಳ್ಳಬೇಡಿ. ಮೊದಲು ಒಂದು ಊದುಬತ್ತಿ ಹಚ್ಚಿ.

ಗಾಳಿ ಬೀಸುವ ದಿನ ನೋಡಿಕೊಂಡು, ಫ್ಯಾನ್ ಎಲ್ಲ ಆರಿಸಿ, ಊದುಬತ್ತಿಯನ್ನು ಬಾಗಿಲು ಕಿಟಕಿಗಳ ಅಂಚಿನುದ್ದಕ್ಕೂ ನಿಧಾನವಾಗಿ ಒಯ್ಯಿರಿ. ಪರದೆಗೆ ತಾಗದಂತೆ ಹುಷಾರು. ನಮ್ಮ ಮನೆಯಲ್ಲಿ ಮಾಡಿದಾಗ ಕಿಟಕಿಗಳ ಹತ್ತಿರ ಹೊಗೆ ದಾರದ ಹಾಗೆ ನೆಟ್ಟಗೆ ಏರಿತು. ಮುಂಬಾಗಿಲ ಕೆಳಗೆ ಹಿಡಿದ ಕೂಡಲೇ ಅಡ್ಡ ಮಲಗಿತು. ಬಗ್ಗಿ ನೋಡಿದರೆ ಬಾಗಿಲಿಗೂ ಹೊಸ್ತಿಲಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದು. ಅಷ್ಟು ವರ್ಷ ನಾವು ಕಾಸಿದ ಗಾಳಿಯೆಲ್ಲ ಹೋಗುತ್ತಿದ್ದದ್ದು ಹಾಗೆ. ಹಳೇ ಟವೆಲ್ ಬಿಗಿಯಾಗಿ ಸುತ್ತಿ ಅಡ್ಡ ಇಟ್ಟೆವು, ಆಮೇಲೆ ಬಾಗಿಲಿನಡಿಗೆ ರಬ್ಬರ್ ಪಟ್ಟಿ ಹೊಡೆಸಿದೆವು. ಕಿಟಕಿ ಚೌಕಟ್ಟಿಗೆ ಅಂಟಿಸುವ ಫೋಮ್ ಪಟ್ಟಿಯೂ ಸಿಗುತ್ತದೆ. ಒಂದೇ ಎಚ್ಚರಿಕೆ: ಗ್ಯಾಸ್ ಅಥವಾ ಸೌದೆ ಉರಿಯುವ ಕೋಣೆಯ ಗಾಳಿಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಯಾಕೆಂದು ಮೇಲಿನ ಉತ್ತರದಲ್ಲೇ ಇದೆ.

ಇನ್ನು ಬಿಸಿಲು. ಬಿಸಿಲು ಬೀಳುವ ಕಿಟಕಿಯ ಪರದೆ ಹಗಲೆಲ್ಲ ತೆರೆದಿರಲಿ, ಹೊತ್ತು ಮುಳುಗಿದ ತಕ್ಷಣ ಎಳೆದುಬಿಡಿ. ದಪ್ಪ ಪರದೆ ಗೋಡೆಗೆ ಹತ್ತಿರವಾಗಿ, ಕಿಟಕಿಗಿಂತ ಕೆಳಗಿನವರೆಗೆ ಇಳಿಬಿದ್ದರೆ ಗಾಜಿಗೂ ಬಟ್ಟೆಗೂ ನಡುವಿನ ಗಾಳಿ ಅಲುಗಾಡದೆ ನಿಲ್ಲುತ್ತದೆ. ಅಲುಗಾಡದ ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಉಣ್ಣೆ ಸ್ವೆಟರ್ ಬೆಚ್ಚಗಿರುವುದೂ ಎಳೆಗಳ ನಡುವೆ ಗಾಳಿ ಸಿಕ್ಕಿಹಾಕಿಕೊಂಡಿರುವುದರಿಂದಲೇ.

ಎಣ್ಣೆ ಹೀಟರ್ ವಿಷಯ. 2000 ವ್ಯಾಟಿನ ಯಾವ ಹೀಟರ್ ಆದರೂ ಪೂರ್ತಿ ಗಂಟೆ ಉರಿದರೆ 2 ಯೂನಿಟ್. ಫ್ಯಾನ್ ಇರಲಿ, ಕಾಯಿಲ್ ಇರಲಿ, ಎಣ್ಣೆ ಇರಲಿ, ಎಳೆದ ಕರೆಂಟೆಲ್ಲ ಶಾಖವೇ ಆಗುತ್ತದೆ, ಒಂದು ಯೂನಿಟ್ಟಿಗೆ ಒಂದು ಯೂನಿಟ್ ಶಾಖ. ಎಣ್ಣೆಯದ್ದು ನಿಧಾನವಾಗಿ ಕಾಯುತ್ತದೆ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ, ಅಷ್ಟೇ ವ್ಯತ್ಯಾಸ. ನಿಜವಾಗಿ ಉಳಿತಾಯವಾಗುವುದು ಬಿಸಿ ಗಾಳಿಯನ್ನೂ ಕೊಡುವ ಏಸಿಯಲ್ಲಿ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ಒಳಗೆ ತರುತ್ತದೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ನಿಮ್ಮ ಮನೆಯಲ್ಲಿರುವ ಏಸಿಯ ರಿಮೋಟ್ ಒಮ್ಮೆ ನೋಡಿ, ಸೂರ್ಯನ ಚಿತ್ರ ಇದ್ದರೆ ಬಹುಶಃ ಆ ಸೌಲಭ್ಯ ಇದೆ.

ಪ್ರಶ್ನೆ: ಹೀಟರ್ ಆಗಾಗ ಆರಿಸಿ ಹಚ್ಚುವುದಕ್ಕಿಂತ ಸಣ್ಣಗೆ ಇಡೀ ದಿನ ಬಿಟ್ಟರೆ ಕಡಿಮೆ ಖರ್ಚಂತೆ?

ಉತ್ತರ: ಅಲ್ಲ. ಒಳಗೂ ಹೊರಗೂ ಬಿಸಿಯ ವ್ಯತ್ಯಾಸ ಎಷ್ಟು ಜಾಸ್ತಿಯೋ ಶಾಖ ಅಷ್ಟು ಬೇಗ ಸೋರಿಹೋಗುತ್ತದೆ. ಯಾರೂ ಇಲ್ಲದ ಮನೆಯನ್ನು ಬೆಚ್ಚಗಿಟ್ಟರೆ ಆ ಸೋರಿಕೆಗೇ ದುಡ್ಡು ಕೊಟ್ಟಂತೆ. ಇರುವ ಕೋಣೆಯ ಬಾಗಿಲು ಹಾಕಿಕೊಂಡು, ಇರುವಷ್ಟು ಹೊತ್ತು ಹಾಕಿ.

ಪ್ರಶ್ನೆ: ಅಮ್ಮನಿಗೆ 78 ವರ್ಷ. ಒಬ್ಬರೇ ಇರುತ್ತಾರೆ. ಕೈ ಮುಟ್ಟಿದರೆ ಮಂಜುಗಡ್ಡೆ, ಕೇಳಿದರೆ "ನನಗೇನೂ ಚಳಿ ಇಲ್ಲ" ಎನ್ನುತ್ತಾರೆ. ಬಿಲ್ಲಿಗೆ ಹೆದರಿ ಹೀಟರ್ ಹಾಕುವುದಿಲ್ಲ. ಏನು ಮಾಡಲಿ?

ಉತ್ತರ: ಅಮ್ಮ ಸುಳ್ಳು ಹೇಳುತ್ತಿಲ್ಲದೇ ಇರಬಹುದು. ವಯಸ್ಸಾದಂತೆ ಚಳಿ ಗೊತ್ತಾಗುವುದೇ ಕಡಿಮೆಯಾಗುತ್ತದೆ, ಮೈ ನಡುಗಿ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಹಾಗಾಗಿ ಅವರ ಮಾತಿನ ಮೇಲೆ ಬಿಡಬೇಡಿ. ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಯಂತೆ ಚಳಿಗಾಲದಲ್ಲಿ ಮನೆಯೊಳಗೆ 18 ಡಿಗ್ರಿ ಸೆಲ್ಸಿಯಸ್ ಇರಬೇಕು, ವಯಸ್ಸಾದವರಿಗೆ ಮತ್ತು ಮಕ್ಕಳಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು. "ಮುಳ್ಳು 18ಕ್ಕಿಂತ ಕೆಳಗೆ ಬಂದರೆ ಹೀಟರ್ ಹಾಕಮ್ಮಾ, ಬಿಲ್ ನನಗೆ ಬಿಡು" ಎಂದು ಹೇಳಿ ನೋಡಿ. ವಾದ ಮಾಡುವುದಕ್ಕಿಂತ ಮುಳ್ಳು ತೋರಿಸುವುದು ಸುಲಭ.

ಒಂದು ದಪ್ಪ ಸ್ವೆಟರಿಗಿಂತ ಎರಡು ಮೂರು ತೆಳು ಬಟ್ಟೆ ಒಂದರ ಮೇಲೊಂದು ಒಳ್ಳೆಯದು. ಕಾಲುಚೀಲ, ಟೋಪಿ, ಕಾಲಡಿಗೆ ಜಮಖಾನ. ಕುಳಿತೇ ಇರದೆ ಆಗಾಗ ನಾಲ್ಕು ಹೆಜ್ಜೆ ಓಡಾಡಲಿ. ಬಿಸಿನೀರಿನ ಚೀಲ ಕೊಡುವುದಾದರೆ ಕುದಿಯುವ ನೀರು ಬೇಡ. ಮುಕ್ಕಾಲು ಭಾಗಕ್ಕಿಂತ ಕಡಿಮೆ ತುಂಬಿ, ಗಾಳಿ ಹೊರಡಿಸಿ ಮುಚ್ಚಳ ಬಿಗಿದು, ಬಟ್ಟೆ ಸುತ್ತಿ ಕೊಡಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಎಸೆದುಬಿಡಿ. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದಿದ್ದರೆ ಕಾಲಿಗೆ ಇಡಲೇಬೇಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಫೋನ್ ಮಾಡಿದಾಗ ಮಾತು ತೊದಲುತ್ತಿದೆಯಾ, ಗೊಂದಲ ಮಾಡಿಕೊಳ್ಳುತ್ತಿದ್ದಾರಾ, ಸುಮ್ನೆ ನಿದ್ದೆ ನಿದ್ದೆ ಎನ್ನುತ್ತಿದ್ದಾರಾ ಗಮನಿಸಿ. ಮೈಬಿಸಿ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ನಡುಕ ನಿಂತಿತು ಎಂದು ಸಮಾಧಾನ ಪಡಬೇಡಿ, ಕೆಲವೊಮ್ಮೆ ಸ್ಥಿತಿ ಕೆಟ್ಟಾಗಲೇ ನಡುಕ ನಿಲ್ಲುತ್ತದೆ.

ಪ್ರಶ್ನೆ: ಹೀಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುತ್ತೇವೆ. ಪ್ಲಗ್ ಬಿಸಿಯಾಗುತ್ತದೆ. ಪರವಾಗಿಲ್ವಾ?

ಉತ್ತರ: ಇಲ್ಲ, ಇದು ಅಪಾಯ! 2000 ವ್ಯಾಟಿನ ಹೀಟರ್ 230 ವೋಲ್ಟಿನಲ್ಲಿ 9 ಆಂಪಿಯರ್ ಹತ್ತಿರ ಎಳೆಯುತ್ತದೆ. ತೆಳು ವೈರಿನ ಬೋರ್ಡ್ ಅದನ್ನು ತಡೆದುಕೊಳ್ಳುವುದಿಲ್ಲ. ಪ್ಲಗ್ ಕಿತ್ತು ಪಿನ್ನುಗಳ ಬುಡ ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮೆತ್ತಗಾಗಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಇನ್ನು ಅದನ್ನು ಬಳಸಬೇಡಿ. ಗೋಡೆಯ ದೊಡ್ಡ ಸಾಕೆಟ್ಟಿಗೇ ನೇರ ಹಾಕಿ, ಅದೂ ಬಿಸಿಯಾದರೆ ಎಲೆಕ್ಟ್ರಿಷಿಯನ್ ಕರೆಸಿ. ಹೀಟರ್ ಸುತ್ತ ಒಂದು ಮೀಟರ್ ಜಾಗ ಖಾಲಿ ಇರಲಿ. ಅದರ ಮೇಲೆ ಬಟ್ಟೆ ಒಣಗಿಸಬೇಡಿ. ಮಲಗುವ ಮುಂಚೆ ಆರಿಸಿ.

ಪ್ರಶ್ನೆ: ಸಂದುಗಳನ್ನೆಲ್ಲ ಮುಚ್ಚಿದ ಮೇಲೆ ಬೆಳಿಗ್ಗೆ ಕಿಟಕಿ ಗಾಜಿನಿಂದ ನೀರು ಇಳಿಯುತ್ತದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಬರುತ್ತಿದೆ.

ಉತ್ತರ: ನಮ್ಮ ಉಸಿರು, ಅಡುಗೆಯ ಹಬೆ, ಸ್ನಾನದ ಹಬೆ, ಒಳಗೆ ಒಣಹಾಕಿದ ಬಟ್ಟೆ, ಇವುಗಳ ತೇವ ಎಲ್ಲಿ ತಣ್ಣಗಿದೆಯೋ ಅಲ್ಲಿ ಹೋಗಿ ನೀರಾಗುತ್ತದೆ. ದಿನಕ್ಕೆ ಎರಡು ಸಲ ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ತೇವದ ಗಾಳಿ ಹೋಗಿರುತ್ತದೆ, ಗೋಡೆಗಳ ಬಿಸಿ ಉಳಿದಿರುತ್ತದೆ. ಇಡೀ ದಿನ ಚೂರು ತೆರೆದಿಡುವುದಕ್ಕಿಂತ ಇದು ಲೇಸು. ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸಿ, ತೇವವೂ ಕಡಿಮೆ, ಗ್ಯಾಸೂ ಉಳಿಯುತ್ತದೆ. ಬೀರುವನ್ನು ಹೊರಗೋಡೆಗೆ ಒತ್ತಿ ಇಟ್ಟಿದ್ದರೆ ನಾಲ್ಕು ಬೆರಳು ಮುಂದಕ್ಕೆ ಸರಿಸಿ.

ಪ್ರಶ್ನೆ: ಸ್ನಾನದ ನೀರಿಗೆ ಎಷ್ಟು ಕರೆಂಟ್ ಹೋಗುತ್ತದೆ? ಹೀಟರ್ ರಾಡ್ ಬಳಸಬಹುದಾ?

ಉತ್ತರ: 15 ಡಿಗ್ರಿ ಇರುವ 20 ಲೀಟರ್ ನೀರನ್ನು 40 ಡಿಗ್ರಿಗೆ ಕಾಸಲು ಸುಮಾರು 0.6 ಯೂನಿಟ್ ಬೇಕು. ನಿಮಿಷಕ್ಕೆ 9 ಲೀಟರ್ ಸುರಿಯುವ ಶವರಿನಲ್ಲಿ ಹತ್ತು ನಿಮಿಷ ನಿಂತರೆ 2.6 ಯೂನಿಟ್ ಆಯಿತು. ರಾಡ್ ಬಳಸುವುದಾದರೆ ಅದನ್ನು ನೀರಿನಲ್ಲಿ ಮುಳುಗಿಸಿದ ಮೇಲೆಯೇ ಸ್ವಿಚ್ ಹಾಕಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಬಿಸಿಯಾಯಿತಾ ಎಂದು ನೋಡಲು ಬೆರಳು ಅದ್ದುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮಕ್ಕಳು ಓಡಾಡುವ ಮನೆಯಲ್ಲಿ ರಾಡ್ ಬೇಡವೇ ಬೇಡ.