ಪರೀಕ್ಷೆ 90% ಸರಿ ಅಂದ್ರೆ, ‘ರೋಗ ಇದೆ’ ಅಂತ ಬಂದಿದ್ದು 90% ನಿಜವೇ?

ಅಲ್ಲ. ನಮ್ಮ ಕೊಡಗಿನ ಅರೇಬಿಕಾ ಕಾಫಿ ತೋಟವನ್ನೇ ನೋಡಿ. 1000 ಗಿಡದಲ್ಲಿ 20ಕ್ಕೆ ಮಾತ್ರ ಬಿಳಿ ಕಾಂಡಕೊರಕ (ಕಾಂಡ ಕೊರೆಯುವ ಹುಳ) ಹತ್ತಿದೆ ಅಂದುಕೊಳ್ಳಿ (ಲೆಕ್ಕಕ್ಕೆ ಸುಮ್ನೆ ಹಿಡಿದ ಸಂಖ್ಯೆ). ಎಲೆ ಹಳದಿಯಾಗಿದೆ, ಕಾಂಡ ಉಬ್ಬಿದೆ ಅಂತ ನೋಡಿ ಗುರುತು ಹಾಕುವವನು ಹುಳ ಇರುವ ಗಿಡಗಳಲ್ಲಿ 90% ಹಿಡಿಯುತ್ತಾನೆ, ಇಲ್ಲದವುಗಳಲ್ಲಿ 10%ಕ್ಕೆ ತಪ್ಪಾಗಿ ಗುರುತು ಹಾಕುತ್ತಾನೆ. ಆಗ 20ರಲ್ಲಿ 18 ಸಿಕ್ಕವು, ಸರಿ, ಆದರೆ ಉಳಿದ 980ರಲ್ಲಿ 98 ಒಳ್ಳೆ ಗಿಡಕ್ಕೂ ಗುರುತು ಬಿತ್ತು! ಇವೇ ಫಾಲ್ಸ್ ಪಾಸಿಟಿವ್. ಒಟ್ಟು 116ರಲ್ಲಿ ನಿಜ 18, ಸುಮಾರು 16%. ಎಲ್ಲವನ್ನೂ ಕಿತ್ತು ಸುಟ್ಟರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಅದೇ 1000 ಗಿಡದಲ್ಲಿ 500ಕ್ಕೆ ಹುಳ ಹತ್ತಿದ್ದರೆ 450 ನಿಜ, 50 ಸುಳ್ಳು. ಈಗ 90%! ನೋಡುವವನು ಅವನೇ, ರೋಗ ಮಾತ್ರ ಜಾಸ್ತಿ. ಇನ್ನೊಂದು ಕಾಫಿ ಜಾತಿ ರೋಬಸ್ಟಾಗೆ ಈ ಹುಳದ ಕಾಟ ತೀರಾ ಕಡಿಮೆ, ಅಲ್ಲಿ ಗುರುತು ಬಿದ್ದರೆ ಬಹುತೇಕ ಸುಳ್ಳೇ.