ಕಲ್ಲು ಆರಿಸೋ ಮಗನ ಜೊತೆ ಸೇರಿ ಪಾಲಿಶ್ ಮಾಡೋದು ಹೆಂಗೆ ಶುರು ಮಾಡ್ಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಒಂಬತ್ತು ವರ್ಷದ ಮಗ ಹೋದಲ್ಲೆಲ್ಲ ಕಲ್ಲು ಆರಿಸ್ಕೊಂಡು ಬರ್ತಾನೆ, ಚಡ್ಡಿ ಜೇಬಲ್ಲಿ ಉಳಿದಿದ್ದು ವಾಷಿಂಗ್ ಮಷಿನ್‌ಗೆ ಹೋಗಿ ಗಡಗಡ ಅಂತು, ಬೈಯೋ ಬದ್ಲು ಇಬ್ರೂ ಸೇರಿ ಪಾಲಿಶ್ ಮಾಡೋಣ ಅನ್ಸಿದೆ, ಮಷಿನ್ ತಗೊಳ್ಲಾ ಅಂತ ಕೇಳಿದೀರ. ಖಂಡಿತ ಶುರು ಮಾಡಿ. ಆದ್ರೆ ಮಷಿನ್ ಈಗ್ಲೇ ಬೇಡ.

ನಮ್ಮನೇಲಿ ಈ ಹುಚ್ಚು ಇರೋದು ನನಗೂ ನಮ್ಮ ಮಾವನಿಗೂ. ಅವ್ರದು ಕಲಬುರಗಿ ಕಡೆ, ಅಫಜಲಪುರ ತಾಲೂಕು, ಭೀಮಾ ನದಿ ದಂಡೆ. ನಾನು ಬೆಂಗಳೂರಲ್ಲೇ ಹುಟ್ಟಿ ಬೆಳೆದೋಳು. ಮದ್ವೆಯಾಗಿ ನಾಲ್ಕು ವರ್ಷ ನಮ್ಮಿಬ್ರ ಮಾತು "ಊಟ ಆಯ್ತಾ ಮಾವ", "ಆಯ್ತವ್ವ" ಇಷ್ಟಕ್ಕೇ ಮುಗೀತಿತ್ತು. ಒಂದ್ಸಲ ಬೇಸಿಗೇಲಿ ಊರಿಗೆ ಹೋದಾಗ ಹೊಳೆ ಬತ್ತಿ ಉಸುಕೆಲ್ಲ ಮೇಲೆ ಬಂದಿತ್ತು, ಅಲ್ಲಿ ನನಗೊಂದು ಜೇನಿನ ಬಣ್ಣದ ಗುಂಡುಕಲ್ಲು ಸಿಕ್ತು, ಬಿಸಿಲಿಗೆ ಹಿಡಿದ್ರೆ ಬೆಳಕು ಒಳಗೆ ಹಾಯ್ತಿತ್ತು. ಸುಮ್ನೆ ಮಾವನಿಗೆ ತೋರಿಸ್ದೆ. ಅವ್ರು ಏನೂ ಮಾತಾಡ್ದೆ ಒಳಗೆ ಹೋಗಿ ತುಕ್ಕು ಹಿಡಿದ ಬಿಸ್ಕತ್ ಡಬ್ಬ ಒಂದು ತಂದು ಚಾಪೆ ಮೇಲೆ ಸುರುವಿದ್ರು. ಹುಡುಗ ಆಗಿದ್ದಾಗಿಂದ ಆರಿಸಿಟ್ಟ ಕಲ್ಲು! ನಮ್ಮ ಯಜಮಾನ್ರಿಗೂ ಅದುವರೆಗೆ ಗೊತ್ತಿರಲಿಲ್ಲ.

ಅದ್ರಲ್ಲಿ ಮುಕ್ಕಾಲು ಪಾಲು ಅಗೇಟ್ ಅಂತ ಆಮೇಲೆ ಗೊತ್ತಾಯ್ತು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ತುಂಬಾ ಲಾವಾ ಹರಿದು ಆರಿದಾಗ ಒಳಗೆ ಗಾಳಿಗುಳ್ಳೆ ಉಳ್ಕೊಂಡ್ವಂತೆ, ಆ ಪೊಳ್ಳಿಗೆ ಸಿಲಿಕಾ ಕರಗಿರೋ ನೀರು ಇಳಿದು ಒಂದೊಂದೇ ಪದರ ಕೂತು ಅಗೇಟ್ ಆಗಿದ್ದು. ಸುತ್ತಲಿನ ಕರಿಕಲ್ಲು ಸವೆದು ಎರೆಮಣ್ಣಾಯ್ತು, ಇದು ಗಟ್ಟಿ ಇದ್ದಿದ್ರಿಂದ ಉಳ್ಕೊಂಡು ಹೊಳೆಗೆ ಬಿತ್ತು. ನಾನು ಇದನ್ನ ಪಾಲಿಶ್ ಮಾಡ್ಬೇಕು ಅಂದಿದ್ದಕ್ಕೆ ಮಾವ ಹೇಳಿದ್ದು, "ಹೊಳಿನೇ ಇಷ್ಟ್ ನುಣ್ಣಗ ಮಾಡಿ ಕೊಟ್ಟದ, ಇನ್ನೇನ್ ಮಾಡ್ತಿಯವ್ವ ಅದಕ್ಕ?" ಈ ಜಗಳ ಇವತ್ತಿಗೂ ಮುಗಿದಿಲ್ಲ.

ಸರಿ, ಕೆಲಸದ ವಿಷಯ. ಮಷಿನ್ ಅಂದ್ರೆ ಟಂಬ್ಲರ್, ರಬ್ಬರ್ ಡ್ರಮ್ಮಿಗೆ ಕಲ್ಲು, ನೀರು, ಉಜ್ಜೋ ಪುಡಿ ಹಾಕಿ ಮುಚ್ಚಿದ್ರೆ ಹಗಲೂ ರಾತ್ರಿ ತಿರುಗ್ತಾನೇ ಇರುತ್ತೆ. ಮೊದಲು 60/90 ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿ (ನಂಬರ್ ಹೆಚ್ಚಾದಷ್ಟೂ ಪುಡಿ ನುಣ್ಣಗೆ) ಒಂದು ವಾರ, ಕಲ್ಲು ಒರಟಾಗಿದ್ರೆ ಎರಡು ವಾರ. ಆಮೇಲೆ 120/220, ಆಮೇಲೆ 500, ಕೊನೆಗೆ ಅಲ್ಯುಮಿನಿಯಂ ಆಕ್ಸೈಡ್ ಪಾಲಿಶ್ ಪುಡಿ. ಒಟ್ಟು ಒಂದು ತಿಂಗಳು ಅಂದ್ಕೊಳ್ಳಿ. ಒಂಬತ್ತು ವರ್ಷದ ಹುಡುಗನಿಗೆ ಒಂದು ತಿಂಗಳು ಅಂದ್ರೆ ಒಂದು ಯುಗ, ಅದಕ್ಕೇ ಬೇಡ ಅಂದಿದ್ದು. ಸದ್ದು ಬೇರೆ. ನಮ್ಮ ಕೆಳಗಿನ ಮನೆ ಆಂಟಿ ಒಂದಿನ ಲಿಫ್ಟಲ್ಲಿ ಸಿಕ್ಕಿ "ರಾತ್ರಿಯೆಲ್ಲ ಗ್ರೈಂಡರ್ ಓಡ್ತಿರುತ್ತಲ್ಲಮ್ಮ, ಹೋಟ್ಲಿಗೆ ಹಿಟ್ಟು ಕೊಡ್ತೀರಾ?" ಅಂತ ಕೇಳಿದ್ರು.

ನೀವು ಕೈಯಿಂದ ಶುರು ಮಾಡಿ. ಹಾರ್ಡ್‌ವೇರ್ ಅಂಗಡೀಲಿ ವಾಟರ್ ಪೇಪರ್ ಅಂತ ಕೇಳಿದ್ರೆ ಕೊಡ್ತಾರೆ, ಪೇಂಟರ್‌ಗಳು ಬಳಸೋದು, 120, 220, 400, 800, 1000 ಒಂದೊಂದು ಹಾಳೆ ಸಾಕು. ಕಲ್ಲು ಮೆತ್ತಗಿರೋದು ಬೇಕು, ಮಾರ್ಬಲ್ ಅಂಗಡಿ ಹಿಂದೆ ತುಂಡು ಬಿದ್ದಿರುತ್ತೆ, ಕೇಳಿ ತಗೊಳ್ಳಿ, ಇಲ್ಲಾಂದ್ರೆ ಬಳಪದ ಕಲ್ಲು. ಒಂದು ಟಬ್‌ನಲ್ಲಿ ನೀರಿಟ್ಕೊಂಡು ಅದ್ದಿ ಅದ್ದಿ ಉಜ್ಜೋದು, ಹಿಂದಿನ ಪೇಪರಿನ ಗೀರು ಪೂರ್ತಿ ಹೋಗೋವರೆಗೂ ಮುಂದಿನ ನಂಬರಿಗೆ ಹೋಗಬಾರ್ದು. ಒಂದು ಭಾನುವಾರ ಮಧ್ಯಾಹ್ನದಲ್ಲಿ ಮಾರ್ಬಲ್ ತುಂಡು ಅಂಗೈಲಿ ಜಾರೋ ಹಂಗಾಗುತ್ತೆ. ಬೆಣಚುಕಲ್ಲು, ಅಗೇಟ್ ಇವನ್ನ ಕೈಲಿ ಉಜ್ಜೋಕೆ ಹೋಗ್ಬೇಡಿ, ಭುಜ ಬಿದ್ದೋಗುತ್ತೆ, ಕಲ್ಲು ಹಂಗೇ ಇರುತ್ತೆ.

ಗಟ್ಟಿ ಯಾವ್ದು ಮೆತ್ತಗೆ ಯಾವ್ದು ಅಂತ ತಿಳಿಯೋದೇ ಈ ಹವ್ಯಾಸದ ಅರ್ಧ ವಿದ್ಯೆ, ನಾವು ಅದನ್ನ ಕಲ್ತಿದ್ದು ಪೆಟ್ಟು ತಿಂದು. ಮೊದಲ ಸಲ ಡ್ರಮ್ ತುಂಬುವಾಗ ಅಗೇಟ್ ಜೊತೆಗೆ ಮಾವನ ಡಬ್ಬದಲ್ಲಿದ್ದ ಹಾಲುಬಿಳಿ ಕಲ್ಲೊಂದನ್ನ ಬೆಣಚುಕಲ್ಲು ಅಂದ್ಕೊಂಡು ಹಾಕ್ಬಿಟ್ಟೆ. ವಾರ ಬಿಟ್ಟು ತೆಗೆದು ತೊಳೆದ್ರೆ ಎಲ್ಲಾ ಇದೆ, ಬಿಳಿ ಕಲ್ಲೊಂದೇ ಇಲ್ಲ. ಎಷ್ಟು ಸಲ ಜಾಲಿಸಿದ್ರೂ ಕೊನೆಗೆ ಸಿಕ್ಕಿದ್ದು ಅಕ್ಕಿಕಾಳಷ್ಟು ಚೂರು. ಅದು ಕ್ಯಾಲ್ಸೈಟ್ ಅನ್ನೋ ಸುಣ್ಣದ ಅಂಶದ ಕಲ್ಲಾಗಿತ್ತು, ಮೋಸ್ ಸ್ಕೇಲ್‌ನಲ್ಲಿ ಗಡಸುತನ 3, ಅಗೇಟ್ ಹತ್ರಹತ್ರ 7, ಒಂದೇ ಡ್ರಮ್ಮಲ್ಲಿ ಹಾಕಿದ್ರೆ ಇನ್ನೇನಾಗುತ್ತೆ. (1812ರಲ್ಲಿ ಫ್ರೆಡ್ರಿಕ್ ಮೋಸ್ ಅನ್ನೋ ಜರ್ಮನ್ ಮಾಡಿದ ಅಳತೆ ಅದು, ಯಾವ ಕಲ್ಲು ಯಾವ್ದನ್ನ ಗೀರುತ್ತೆ ಅನ್ನೋ ಲೆಕ್ಕ, 1ರಿಂದ 10.) ಆ ಕಲ್ಲು ಮಾವ ಶ್ರೀಶೈಲಕ್ಕೆ ಪಾದಯಾತ್ರೆ ಹೋದಾಗ ತಂದಿದ್ದಂತೆ. ನಂಗೆ ಅಳುನೇ ಬಂತು. ಅವ್ರು ಸ್ವಲ್ಪ ಹೊತ್ತು ಬಕೆಟ್ ನೀರು ನೋಡ್ತಾ ನಿಂತು, "ಹೋಗ್ಲಿ ಬಿಡವ್ವ, ಮಲ್ಲಯ್ಯಗ ಮುಟ್ಟಿತು" ಅಂದ್ರು.

ಅವತ್ತಿಂದ ಪರೀಕ್ಷೆ ಡಿಪಾರ್ಟ್‌ಮೆಂಟ್ ಅವ್ರದೇ. ಚಾಕು ತುದೀಲಿ ಮೂಲೇಲಿ ಒಂದು ಗೀರು, ಗೀರು ಬಿದ್ರೆ ಮೆತ್ತಗಿನ ಗುಂಪಿಗೆ. ಉದುರಿದ ಪುಡಿ ಮೇಲೆ ಒಂದು ಹನಿ ನಿಂಬೆರಸ, ಸಣ್ಣಗೆ ಗುಳ್ಳೆ ಬಂದ್ರೆ ಕ್ಯಾಲ್ಸೈಟ್ ಇರ್ಬೇಕು ಅಂತ ಲೆಕ್ಕ. ನಿಮ್ಮ ಮಗನಿಗೆ ಪಾಲಿಶ್‌ಗಿಂತ ಇದೇ ಹಿಡಿಸುತ್ತೆ ನೋಡ್ತಿರಿ, ಚಾಕು ಮಾತ್ರ ನೀವು ಹಿಡ್ಕೊಳ್ಳಿ.

ಮುಂದೆ ಮಷಿನ್ ತಗೊಂಡ್ರೆ ಎರಡು ಮಾತು. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಕಲ್ಲು, ಡ್ರಮ್ಮು ಎಲ್ಲಾ ಹಲ್ಲುಜ್ಜೋ ಬ್ರಷ್ ಹಾಕಿ ತಿಕ್ಕಬೇಕು, ಬಿರುಕಲ್ಲಿ ಒರಟು ಪುಡಿ ನಾಲ್ಕು ಕಾಳು ಉಳಿದ್ರೂ ಕೊನೇ ವಾರದ ಪಾಲಿಶ್ ಎಲ್ಲ ಗೀರು ಗೀರು. ಆ ಕೆಸರು ನೀರನ್ನ ಸಿಂಕಿಗೆ ಸುರೀಬೇಡಿ, ಪೈಪಲ್ಲಿ ಸಿಮೆಂಟ್ ಥರ ಕೂತ್ಕೊಳ್ಳುತ್ತೆ, ಬಕೆಟಲ್ಲಿ ತಿಳಿಯಾಗೋಕೆ ಬಿಟ್ಟು ಗಸಿನ ಕಸಕ್ಕೆ ಹಾಕಿ.

ಇದು ಮಾತ್ರ ಸೀರಿಯಸ್ಸಾಗಿ ತಗೊಳ್ಳಿ: ಡ್ರಿಲ್ಲಿಗೆ ಚಕ್ರ ಹಾಕಿ ಒಣಕಲ್ಲು ಉಜ್ಜೋ ವಿಡಿಯೋ ನೋಡಿ ಹಂಗೆ ಮಾಡೋಕೆ ಹೋಗ್ಬೇಡಿ. ಗುಜರಾತಿನ ಖಂಭಾತ್‌ನಲ್ಲಿ ತಲೆತಲಾಂತರದಿಂದ ಅಗೇಟ್ ಉಜ್ಜೋ ಜನರಿಗೆ ಆ ಧೂಳಿಂದ ಸಿಲಿಕೋಸಿಸ್ ಬಂದು ಶ್ವಾಸಕೋಶ ಹಾಳಾಗಿದೆ. ಯಾವಾಗ್ಲೂ ನೀರು ಹಾಕೇ ಉಜ್ಜಿ. ಇನ್ನು ಕಾಡು, ಅಭಯಾರಣ್ಯ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಂಥ ಜಾಗದಿಂದ ಒಂದು ಚೂರೂ ಎತ್ತಬಾರ್ದು ಅಂತ ಮೊದಲೇ ಹೇಳಿಡಿ. ನೋಡೋಕಾದ್ರೆ ಲಾಲ್‌ಬಾಗ್ ಬಂಡೆಗೆ ಕರ್ಕೊಂಡು ಹೋಗಿ, ಸುಮಾರು 300 ಕೋಟಿ ವರ್ಷದ ಕಲ್ಲು ಅಂದಿದ್ದಕ್ಕೆ ನಮ್ಮ ಮಾವ ಚಪ್ಪಲಿ ಬಿಟ್ಟು ಹತ್ತಿದ್ರು.

ಯಾವ ಕಲ್ಲು ಪಾಲಿಶ್‌ಗೆ ಲಾಯಕ್ಕು ಅಂತ ಆರಿಸೋಕೆ ಸುಲಭ ದಾರಿ, ನೀರಲ್ಲಿ ಅದ್ದಿ ನೋಡಿ. ಒದ್ದೆಯಾದಾಗ ಹೆಂಗೆ ಕಾಣುತ್ತೋ ಪಾಲಿಶ್ ಆದ್ಮೇಲೆ ಹೆಚ್ಚುಕಮ್ಮಿ ಹಂಗೇ ಕಾಣುತ್ತೆ. ನನಗೆ ಸಿಕ್ಕಿದ್ದ ಆ ಜೇನುಬಣ್ಣದ್ದು ಇನ್ನೂ ಡ್ರಮ್ಮಿಗೆ ಬಿದ್ದಿಲ್ಲ, ಮಾವ ಬಿಟ್ಟಿಲ್ಲ. ಟಿವಿ ಪಕ್ಕ ಒಂದು ಲೋಟ ನೀರಲ್ಲಿ ಹಾಕಿಟ್ಟಿದಾರೆ, ಎರಡು ದಿನಕ್ಕೊಂದ್ಸಲ ನೀರೂ ಅವ್ರೇ ಬದಲಾಯಿಸ್ತಾರೆ.