ಕಾಸರಗೋಡಿನ ಹುಡುಗ ಡಿಗ್ರಿ ಮುಗಿಸಿದ ಮೇಲೆ

ನಿಮ್ಮ ಮಹಡಿಮನೆಯಲ್ಲಿ ಬಾಡಿಗೆಗಿರುವ ನಮ್ಮ ಕಡೆಯ ಹುಡುಗನ ಬಗ್ಗೆ ಕೇಳಿದ್ದೀರಿ. ಬಿಕಾಂ ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾನೆ. ಅವನ ಅಪ್ಪ ಮಾತ್ರ ದಿನಾ ಫೋನ್ ಮಾಡಿ "ಮಲಯಾಳ ಕಲಿ, ಪಿಎಸ್‌ಸಿ ಬರಿ" ಅಂತಿದ್ದಾರೆ. ಪಿಎಸ್‌ಸಿ ಅಂದರೆ ಕೇರಳ ಸರ್ಕಾರದ ಕೆಲಸಕ್ಕೆ ಪರೀಕ್ಷೆ ನಡೆಸುವ ಲೋಕಸೇವಾ ಆಯೋಗ. ಕನ್ನಡದ ಹುಡುಗನಿಗೆ ಇದೆಂಥ ಒತ್ತಾಯ ಅಂತ ನಿಮಗೆ ಬೇಸರ. ನಾನೂ ಕಾಸರಗೋಡು ಜಿಲ್ಲೆಯವನೇ, ಬದಿಯಡ್ಕದ ಹತ್ತಿರದವನು. ಆ ಅಪ್ಪನ ಮಾತಿನಲ್ಲಿ ಹುರುಳಿದೆ.

1956ರ ನವೆಂಬರ್ 1ಕ್ಕೆ ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಹಾಗೇ ಉಳಿಯಿತು. ಹೀಗಾಗಿ ನಮ್ಮ ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಾರೆ, ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಮಾತಾಡುತ್ತಾರೆ, ಆಫೀಸಿನ ಕಾಗದ ಮಾತ್ರ ಮಲಯಾಳದಲ್ಲಿ ಬರುತ್ತದೆ. ಡಿಗ್ರಿ ಮುಗಿಸಿದವನಿಗೆ ಇಲ್ಲಿ ಎದುರಾಗುವ ಮೊದಲ ಪ್ರಶ್ನೆ ಯಾವ ಕೆಲಸ ಅನ್ನುವುದಲ್ಲ, ಯಾವ ಕಡೆ ಅನ್ನುವುದು.

ಕೇರಳ ಪಿಎಸ್‌ಸಿಯಲ್ಲಿ ನಮ್ಮ ಜಿಲ್ಲೆಗೆ ಅಂತಲೇ ಒಂದು ಹುದ್ದೆ ಇದೆ: ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಎಲ್‌ಡಿ ಕ್ಲರ್ಕ್, ಅಂದರೆ ಕೆಳದರ್ಜೆ ಗುಮಾಸ್ತ. ಕನ್ನಡ ಮಾಧ್ಯಮದ ಶಿಕ್ಷಕರ ಹುದ್ದೆಗಳು ಬೇರೆ. ಪರೀಕ್ಷೆಯಲ್ಲಿ ಆಯ್ಕೆಯಾದವರ ಹೆಸರು ರ‍್ಯಾಂಕ್ ಲಿಸ್ಟಿನಲ್ಲಿ ಬರುತ್ತದೆ, ನಾನು ಆ ಕ್ಲರ್ಕ್ ಲಿಸ್ಟಿನಿಂದ ಬಂದವನು.

ಸೇರಿದ ಹೊಸತರಲ್ಲಿ ಎಣ್ಮಕಜೆ ಕಡೆಯ ಒಬ್ಬರು ಅಜ್ಜಿ ಬಂದಿದ್ದರು. ಎಲೆಯಡಿಕೆ ಚೀಲದಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಮಡಿಕೆಗಳಲ್ಲಿ ಸುಣ್ಣದ ಕಲೆ. "ದುಡ್ಡು ಕಟ್ಲಿಕ್ಕೆ ಬಂದದ್ದಾ ಮಗಾ?" ಅಂದರು. ಹತ್ತು ದಿನದಿಂದ ಅದನ್ನೇ ಹೆದರಿಕೊಂಡಿದ್ದರಂತೆ. ಓದಿ ನೋಡಿದರೆ ಪಿಂಚಣಿಗೆ ಮಸ್ಟರಿಂಗ್ ಮಾಡಿಸಿ, ಅಂದರೆ ಬದುಕಿದ್ದೀರಿ ಅಂತ ದೃಢಪಡಿಸಿ ಅಂತ ಇತ್ತು, ಅಷ್ಟೇ. ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಬೆರಳು ಒತ್ತಿದರೆ ಮುಗಿಯಿತು. ತುಳುವಿನಲ್ಲಿ ಬಿಡಿಸಿ ಹೇಳಿದೆ. ಅವರು ಅಲ್ಲೇ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ನೆ ಉಸಿರು ಬಿಟ್ಟರು.

ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕು ಅಂತ ಕೇರಳದ ಆಡಳಿತ ಭಾಷೆ ಕಾನೂನಿನಲ್ಲೇ ಇದೆ. ಆದರೆ ಆ ಉತ್ತರ ಬರೆಯುವವರು ಕುರ್ಚಿಯಲ್ಲಿ ಇರಬೇಕಲ್ವಾ? ನಮ್ಮ ಹುಡುಗರೆಲ್ಲ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಆ ಅಜ್ಜಿಯ ಕಾಗದ ಓದುವವರು ಯಾರು?

ಇದಕ್ಕಾಗಿ ಅವನು ಬೆಂಗಳೂರು ಬಿಡಬೇಕಾಗಿಲ್ಲ. ಕೆಲಸ ಸಿಕ್ಕರೆ ಸೇರಲಿ. ಮೊದಲ ಸಂಬಳ, ತನ್ನ ಅಡುಗೆ, ತನ್ನ ಲೆಕ್ಕ ಇವೆಲ್ಲ ಒಳ್ಳೆಯದೇ. ಜೊತೆಗೆ ಪಿಎಸ್‌ಸಿ ವೆಬ್‌ಸೈಟಿನಲ್ಲಿ ಒನ್ ಟೈಮ್ ರಿಜಿಸ್ಟ್ರೇಶನ್ ಈಗಲೇ ಮಾಡಿಡಲಿ. ಎಲ್‌ಡಿ ಕ್ಲರ್ಕ್‌ಗೆ ಸಾಮಾನ್ಯ ವರ್ಗದವರಿಗೂ 36 ವರ್ಷದವರೆಗೆ ಅವಕಾಶ ಇದೆ, ಗಾಬರಿ ಬೇಡ. ಆದರೆ ಪರೀಕ್ಷೆ, ಲಿಸ್ಟು, ನೇಮಕದ ಆದೇಶ ಅಂತ ವರ್ಷಗಳೇ ಹಿಡಿಯುತ್ತವೆ. ಊರಲ್ಲಿ ಬರೀ ಲಿಸ್ಟು ಕಾಯುತ್ತಾ ಕೂತು ಕುಗ್ಗಿದವರನ್ನು ಕಂಡಿದ್ದೇನೆ. ದುಡಿಯುತ್ತಾ ಕಾಯುವುದೇ ಸರಿ. ಅವನು ಮಂಗಳೂರಿನಲ್ಲಿ ಓದಿದ್ದರೆ ಅದು ಕೇರಳದ ಡಿಗ್ರಿಗೆ ಸಮ ಅಂತ ಸಮಾನತೆ ಪ್ರಮಾಣಪತ್ರ ಕೇಳಬಹುದು, ಅದನ್ನೂ ವಿಚಾರಿಸಿಡಲಿ.

ಮನೆಯಲ್ಲಿದ್ದುಕೊಂಡು ದಿನಾ ಮಂಗಳೂರಿಗೆ ಹೋಗಿ ಬರುವ ದಾರಿಯೂ ಇದೆ, ಎಷ್ಟೋ ಜನ ಹಾಗೇ ಬದುಕು ಕಟ್ಟಿಕೊಂಡಿದ್ದಾರೆ. ಆದರೆ 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆಸ್ಪತ್ರೆಗೆ ಹೋಗುವವರಿಗೂ ದಾರಿ ಇರಲಿಲ್ಲ, ಕೆಲಸಕ್ಕೆ ಹೋಗುವವರ ಮಾತೇ ಬೇಡ. ಅಲ್ಲಿವರೆಗೆ ಆ ಗಡಿ ನಮಗೆ ಬರೀ ಒಂದು ಬಸ್ ಸ್ಟಾಪ್ ಆಗಿತ್ತು.

ಮಲಯಾಳ ಕಲಿಯಲು ಅವನಿಗೆ ಹಿಂಜರಿಕೆ ಇರಬಹುದು. ಕಲಿತರೆ ಕನ್ನಡ ಬಿಟ್ಟುಕೊಟ್ಟ ಹಾಗೆ ಅಂತ ನನಗೂ ಒಂದು ಕಾಲದಲ್ಲಿ ಅನ್ನಿಸಿತ್ತು. ನಾನು ಅಕ್ಷರ ಕಲಿತದ್ದು ಬೋರ್ಡು ನೋಡಿ. ಒಂದೇ ಊರಿನ ಹೆಸರು ಎರಡು ಲಿಪಿಯಲ್ಲಿ ಇರುತ್ತದೆ, ಒಂದಕ್ಕೊಂದು ತಾಳೆ ನೋಡಿದರೆ ಆಯಿತು. ಮುಂದೆ ಹೋದ ಹಾಗೆ ಹಳೆಯ ನೆಂಟರು ಸಿಕ್ಕಿದ ಹಾಗಾಗುತ್ತದೆ. ನಮ್ಮ ಮಳೆ ಹಳಗನ್ನಡದಲ್ಲಿ 'ಮೞೆ'. ನಾವು ಬಿಟ್ಟ ಆ ೞ ಅಕ್ಷರದ ಉಚ್ಚಾರ ಅವರ 'ಮೞ'ದಲ್ಲಿ ಇವತ್ತಿಗೂ ಜೀವಂತ. ಇದು ಗೊತ್ತಾದ ದಿನ ನನ್ನ ಮುನಿಸು ಅರ್ಧ ಇಳಿಯಿತು.

ಮುಂದಿನ ಸಲ ಅವನು ಊರಿಗೆ ಬಂದಾಗ ಎರಡು ದಿನ ಜಾಸ್ತಿ ಇರಲಿ ಅನ್ನಿ. ವಿಲ್ಲೇಜ್ ಆಫೀಸಿನಲ್ಲಿ ನೇಟಿವಿಟಿ ಸರ್ಟಿಫಿಕೇಟಿಗೆ, ಅಂದರೆ ಇಲ್ಲಿಯವನೇ ಅನ್ನುವ ಪ್ರಮಾಣಪತ್ರಕ್ಕೆ, ಬರೆದುಕೊಡಬೇಕು, ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಫೋನಿನಲ್ಲಿ ಜಗಳವಾಗುವ ಮಾತು ಬಸ್ಸಿನಲ್ಲಿ ಪಕ್ಕ ಪಕ್ಕ ಕೂತಾಗ ಸಲೀಸಾಗಿ ಬರುತ್ತದೆ.